ಆಟ ಶುರುವಾಗುವ ಮುಂಚಿನ ದನಿ

ಓಸಿಯೆಕ್,
9 ಮಾರ್ಚ್ 2003

ಒಬ್ರಾದ್,

ನಾನು ತೆರೆಜಾ ಮಾಂದಿಚ್, ಕ್ರೆಶೊನ ತಾಯಿ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಜಗಳಕ್ಕೆ ಬಂದಿಲ್ಲ.

ಸುಬೋತಿತ್ಸಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಒಂದು ಪತ್ರಿಕೆಯ ತುಂಡು ಕಳಿಸಿದಳು. ಅದರಲ್ಲಿ ನಿನ್ನ ಫೋಟೊ ಇದೆ. ನೋವಿ ಸಾದ್‌ನ ಗ್ರಂಥಾಲಯವೊಂದರಲ್ಲಿ ಹಳೆಯ ಎಲೆಕ್ಟ್ರಾನಿಕ್ ಆಟಗಳನ್ನೂ ಕಿಸೆಯಲ್ಲಿಡುವ ಕಂಪ್ಯೂಟರುಗಳನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದೆಯಂತೆ. ದೊಡ್ಡ ದೊಡ್ಡವರು ಸಾಲು ನಿಂತು ನೋಡಿದರಂತೆ. ಯಾರೋ ಹಲ್ಲಿನ ಡಾಕ್ಟರು ತಾನು ಚಿಕ್ಕಂದಿನಲ್ಲಿ ಆಡಿದ ಆಟದ ಕೀ ಕೀ ಸದ್ದು ಕೇಳಿ ಅತ್ತುಬಿಟ್ಟನಂತೆ. ‘ನಮ್ಮ ಬಾಲ್ಯವನ್ನು ಕಪಾಟಿನಲ್ಲಿ ಕಾಪಾಡಿದವನು’ ಎಂದು ನಿನ್ನನ್ನು ಹೊಗಳಿದ್ದಾರೆ. ನಿನ್ನ ತಲೆ ಬೋಳಾಗಿದೆ. ಆದರೂ ಕತ್ತನ್ನು ಎಡಕ್ಕೆ ವಾಲಿಸಿ ನಿಲ್ಲುವುದು ಹಾಗೇ ಇದೆ. ನೋಡಿದ ಕೂಡಲೇ ಗುರುತು ಹಿಡಿದೆ.

ಕಳೆದ ಮಂಗಳವಾರ ನಿನಗೆ ಫೋನ್ ಮಾಡಿ ಮಾತಾಡದೆ ಇಟ್ಟವಳು ನಾನೇ. ನೀನು ‘ಯಾರು? ಯಾರು ಬೇಕಿತ್ತು?’ ಅಂದೆ. ನಮ್ಮ ಮನೆಯಲ್ಲಿ ನಿನ್ನ ದನಿ ಬಂದರೆ ಅದರ ಬೆನ್ನಿಗೇ ಕ್ರೆಶೊನ ದನಿ ಬರುತ್ತಿತ್ತು. ಈ ಸಲ ಬರಲಿಲ್ಲ. ನನ್ನ ಕೈ ತಾನಾಗಿ ಫೋನ್ ಇಟ್ಟುಬಿಟ್ಟಿತು.

ವಿಷಯಕ್ಕೆ ಬರುತ್ತೇನೆ. ಯುದ್ಧದಲ್ಲಿ ಕಾಣೆಯಾದ ಕ್ರೆಶೊ ಇನ್ನೂ ಸಿಕ್ಕಿಲ್ಲ. ಬದುಕಿದ್ದಾನೆ ಎಂದು ಯಾರೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಅವನ ಫೋಟೊಗಳು ನನ್ನಲ್ಲಿ ಹದಿನಾರು ಇವೆ. ದನಿ ಒಂದೂ ಇಲ್ಲ. ಅವನ ಕ್ಯಾಸೆಟ್ಟುಗಳೆಲ್ಲ ಅಟ್ಟದ ಕೋಣೆಯಲ್ಲಿದ್ದವು, ಶೆಲ್ ಬಿದ್ದ ದಿನ ಅಟ್ಟವೇ ಹೋಯಿತು. ನನ್ನ ಬಲಗಿವಿಯೂ ಅದೇ ದಿನ ಹೋಯಿತು. ಈಗ ಎಡಗಿವಿಯ ಸರದಿ. ‘ಇನ್ನೆಷ್ಟು ವರ್ಷ ಡಾಕ್ಟರೇ?’ ಎಂದು ಕೇಳಿದರೆ ಅವರು ‘ವರ್ಷದ ಲೆಕ್ಕ ಬೇಡಮ್ಮ, ತಿಂಗಳ ಲೆಕ್ಕ ಇಟ್ಕೊಳ್ಳಿ’ ಅಂದರು.

ಎಷ್ಟು ಪ್ರಯತ್ನಪಟ್ಟರೂ ಅವನು ನನ್ನನ್ನು ಕೂಗುತ್ತಿದ್ದ ರೀತಿ ನೆನಪಿಗೆ ಬರುತ್ತಿಲ್ಲ. ಮಾತು ನೆನಪಿದೆ, ದನಿ ಇಲ್ಲ. ಆದರೆ ನಿಮ್ಮ ಆ ಆಟದ ಕ್ಯಾಸೆಟ್ಟುಗಳ ಮೊದಲಲ್ಲಿ ಅವನು ಏನೇನೋ ಹೇಳುತ್ತಿದ್ದನಲ್ಲ, ರೇಡಿಯೊದವರ ಹಾಗೆ ಮೂಗಿನಲ್ಲಿ? ಆಮೇಲೆ ಕಪ್ಪೆಯೂ ಗರಗಸವೂ ಜಗಳವಾಡುವಂಥ ಸದ್ದು ಬರುತ್ತಿತ್ತು. ಅದೇ ಆಟ ಎನ್ನುತ್ತಿದ್ದಿರಿ, ಆ ಸದ್ದನ್ನೇ ಯಂತ್ರ ಓದುತ್ತದೆ ಎನ್ನುತ್ತಿದ್ದಿರಿ. ಅಂಥದ್ದೊಂದು ಕ್ಯಾಸೆಟ್ ನಿನ್ನಲ್ಲಿ ಇದ್ದೇ ಇರಬೇಕು. ಒಂದು ಸಾಕು. ನನ್ನ ಕಿವಿ ಮುಚ್ಚುವುದರೊಳಗೆ ಕಳಿಸು.

ತೆರೆಜಾ ಮಾಂದಿಚ್


ಓಸಿಯೆಕ್,
2 ಏಪ್ರಿಲ್ 2003

ಒಬ್ರಾದ್,

ಕಾಗದ ತಲುಪಿದೆ. ಅಂಚೆಯವರು ನಿನ್ನ ಸಹಿ ಇರುವ ಚೀಟಿಯನ್ನು ನನಗೆ ತಂದುಕೊಟ್ಟಿದ್ದಾರೆ. ಕಳ್ಳತನ ಮಾಡಿದವನ ಹಾಗೆ ಯಾಕೆ ಸುಮ್ಮನಿದ್ದೀಯ? ನಾನು ಕೇಳಿದ್ದು ನಿನ್ನ ಆಸ್ತಿಯಲ್ಲ.

ಈ ವಾರದಿಂದ ಚರ್ಚಿನ ಸಣ್ಣ ಗಂಟೆ ಕೇಳಿಸುತ್ತಿಲ್ಲ. ದೊಡ್ಡದು ಇನ್ನೂ ಕೇಳಿಸುತ್ತದೆ.

ರೇಜಾ


ನೋವಿ ಸಾದ್,
21 ಏಪ್ರಿಲ್ 2003

ಪೂಜ್ಯ ರೇಜಾ ಅತ್ತೆಗೆ,

ತಡವಾಗಿದ್ದಕ್ಕೆ ಕ್ಷಮಿಸಿ. ಮೂರು ಸಲ ಬರೆದು ಹರಿದೆ. ನಿಮ್ಮನ್ನು ಮತ್ತೆ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ, ‘ರೇಜಾ ಅತ್ತೆ’ ಎಂದು ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾವ ಹೆಸರೂ ಬಾಯಿಗೆ ಬರುವುದಿಲ್ಲ.

ಕ್ಯಾಸೆಟ್ಟುಗಳು ನನ್ನಲ್ಲಿ ಉಳಿದಿಲ್ಲ. ನಾವು ಓಸಿಯೆಕ್ ಬಿಟ್ಟಾಗ ಎರಡು ಸೂಟ್‌ಕೇಸಿನಲ್ಲಿ ಬಂದವರು. ಆಮೇಲೆ ನಾಲ್ಕು ಬಾಡಿಗೆ ಮನೆ ಬದಲಾಯಿಸಿದೆವು. ಎಲ್ಲಿ ಕಳೆದುಹೋದವೋ.

ಅದರ ಬದಲು ಈ ಪೊಟ್ಟಣದಲ್ಲಿ ಬೇರೊಂದನ್ನು ಕಳಿಸುತ್ತಿದ್ದೇನೆ. ನಿಮಗೆ ನೆನಪಿರಬೇಕು. ಮೇಲಿನ ಕಿಟಕಿಗಳಿಂದ ಹಾಲಿನ ಬಾಟಲಿ ಬೀಳುತ್ತವೆ, ಕೆಳಗೆ ಬೆಕ್ಕು ಅತ್ತಿತ್ತ ಓಡಿ ಹಿಡಿಯುತ್ತದೆ. ನಮ್ಮ ತರಗತಿಗೆ ಬಂದ ಮೊದಲ ಅಂಗೈ ಆಟ ಅದು. ಒಂಬೈನೂರ ತೊಂಬತ್ತೊಂಬತ್ತು ಅಂಕ ಬಂದರೆ ಬೆಕ್ಕು ಮಾತಾಡುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಕ್ರೆಶೊ ನಿಮ್ಮ ಅಡುಗೆಮನೆಯ ಮೇಜಿನ ಕೆಳಗೆ ಕೂತು ಒಂದು ಭಾನುವಾರವಿಡೀ ಆಡಿದ್ದ. ಒಂಬೈನೂರ ಎಂಬತ್ತಕ್ಕೆ ಬಂದಾಗ ನೀವು ‘ಸೂಪು ಆರ್ತಾ ಇದೆ, ಎದ್ದು ಬಾರೋ ಕತ್ತೆ’ ಎಂದು ಕಿವಿ ಹಿಡಿದು ಎಬ್ಬಿಸಿದಿರಿ. ಎರಡು ದಿನ ಅವನು ನಿಮ್ಮ ಹತ್ತಿರ ಮಾತು ಬಿಟ್ಟಿದ್ದ. ಹೊಸ ಬ್ಯಾಟರಿ ಹಾಕಿದ್ದೇನೆ.

ಎಂಬತ್ತಮೂರರಲ್ಲಿ ಗಡಿಯಾಚೆಯ ಟ್ರಿಯೆಸ್ಟ್‌ಗೆ ಹೋದ ಪ್ರಯಾಣವೂ ನೆನಪಾಗುತ್ತದೆ. ಕಾಫಿ, ಜೀನ್ಸು ತರಲು ಹೋಗುವವರ ಬಸ್ಸಿನಲ್ಲಿ ನಾವು ಮೂವರು. ಕ್ರೆಶೊ ಎರಡು ಬೇಸಿಗೆ ದುಡಿದು ಕೂಡಿಸಿದ್ದರಲ್ಲಿ ಆ ಕಿಸೆ ಕಂಪ್ಯೂಟರನ್ನು ಕೊಂಡ. ಗೇಣುದ್ದ, ಒಂದೇ ಸಾಲಿನ ಪರದೆ, ಒಂದು ಸಲಕ್ಕೆ ಇಪ್ಪತ್ತನಾಲ್ಕು ಅಕ್ಷರ. ಗಡಿಯಲ್ಲಿ ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆಂದು ನಾವಿಬ್ಬರೂ ನಡುಗುತ್ತಿದ್ದೆವು. ನೀವು ಅದನ್ನು, ನೀವು ವೇಷ ಹೊಲಿಯುತ್ತಿದ್ದ ನಾಟಕಶಾಲೆಗೆಂದು ಕೊಂಡಿದ್ದ ಹತ್ತಿಯ ಗಂಟಿನೊಳಗೆ ತುರುಕಿದಿರಿ. ಸುಂಕದವನು ‘ಇದರೊಳಗೇನಮ್ಮಾ?’ ಎಂದ. ನೀವು ‘ರಾಣಿಯ ಎದೆ ಕಣಪ್ಪ. ನಮ್ಮ ರಾಣಿ ಪಾರ್ಟಿನವಳು ಚಪ್ಪಟೆ. ಹಿಸುಕಿ ನೋಡ್ತೀಯೇನು?’ ಎಂದಿರಿ. ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಕಿವಿವರೆಗೂ ಕೆಂಪಾಗಿ ಇಳಿದುಹೋದ.

ಆ ಕಾಲ ಎಷ್ಟು ಚೆನ್ನಾಗಿತ್ತು ಅತ್ತೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ವಿಧೇಯ,
ಒಬ್ರಾದ್ ಸ್ಟಾನಿವುಕ್


ಓಸಿಯೆಕ್,
5 ಮೇ 2003

ಒಬ್ರಾದ್,

ನಿನ್ನ ಬೆಕ್ಕನ್ನು ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಒಂದು ಸಲ ಗುಂಡಿ ಒತ್ತಿ ನೋಡಿದೆ. ಬೆಕ್ಕು ಓಡಿತು. ಸದ್ದು ಬರುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ಸಣ್ಣ ದನಿಯ ಸದ್ದುಗಳೆಲ್ಲ ನನಗೆ ಹೋಗಿವೆ. ಪಕ್ಕದ ಮನೆಯ ಆಂಕಿತ್ಸಾಳನ್ನು ಕರೆದು ‘ಇದು ಕೂಗುತ್ತಾ ನೋಡೆ’ ಎಂದೆ. ‘ಅಯ್ಯೋ, ಕಿವಿ ತೂತಾಗೋ ಹಾಗೆ ಕೂಗ್ತಿದೆ’ ಎಂದಳು.

ಆ ಕಾಲ ಚೆನ್ನಾಗಿತ್ತು ಎಂದು ಬರೆದೆ. ನಿನಗೆ ಚೆನ್ನಾಗಿದ್ದ ಭಾಗವನ್ನಷ್ಟೇ ಒರೆಸಿ ಗಾಜಿನೊಳಗಿಟ್ಟು ಊರಿಗೆ ತೋರಿಸುತ್ತೀಯ. ಉಳಿದದ್ದನ್ನು ಏನು ಮಾಡಿದೆ?

ಈಗ ಕೇಳು. ಪತ್ರಿಕೆಯ ಫೋಟೊದಲ್ಲಿ ನಿನ್ನ ಹೆಗಲ ಹಿಂದೆ ಒಂದು ಕಪಾಟಿದೆ. ಕೆಳಗಿನ ಹಲಗೆಯ ಮೂಲೆಯಲ್ಲಿ, ಯಂತ್ರಗಳ ಸಂದಿಯಲ್ಲಿ, ಕೆಂಪು ಮಖಮಲ್ಲಿನ ಪುಟ್ಟ ಚೀಲ ಇದೆ. ಬಾಯಿಗೆ ಹಳದಿ ದಾರ. ಭೂತಗನ್ನಡಿ ಇಟ್ಟು ನೋಡಿದೆ. ಅದು ನಮ್ಮ ನಾಟಕಶಾಲೆಯ ಹಳೆಯ ಪರದೆಯ ತುಂಡು. ಕ್ಯಾಸೆಟ್ಟಿಗೆ ಧೂಳು ಬೀಳಬಾರದೆಂದು ಕ್ರೆಶೊ ಕೇಳಿದಾಗ ನಾನೇ ಕೂತು ಹೊಲಿದದ್ದು. ನಲವತ್ತು ವರ್ಷ ಸೂಜಿ ಹಿಡಿದವಳಿಗೆ ತನ್ನ ಹೊಲಿಗೆ ಗೊತ್ತಾಗುವುದಿಲ್ಲವೆ?

ನಿನ್ನಲ್ಲಿ ಕ್ಯಾಸೆಟ್ ಇದೆ. ನೀನು ನನಗೆ ಸುಳ್ಳು ಬರೆದೆ. ಮಗ ಕಾಣೆಯಾದವಳ ಹತ್ತಿರ ಸುಳ್ಳು ಹೇಳಬೇಕಾದರೆ ಎಂಥ ಕಾರಣ ಇರಬೇಕು? ಆ ಕಾರಣವನ್ನೇ ಬರೆ.

ತೆರೆಜಾ ಮಾಂದಿಚ್


ನೋವಿ ಸಾದ್,
30 ಜೂನ್ 2003

ರೇಜಾ ಅತ್ತೆ,

ಚೀಲ ನಿಮ್ಮದೇ. ಒಳಗಿರುವ ಕ್ಯಾಸೆಟ್ ಕ್ರೆಶೊನದು. ಇಷ್ಟು ವರ್ಷದಲ್ಲಿ ನಾನು ಅದನ್ನು ಒಂದೇ ಒಂದು ಸಲ ಕೇಳಿದ್ದೇನೆ, ಅದು ಬಂದ ದಿನ. ಯಾಕೆಂದು ಬರೆಯುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ನಮಗಿಬ್ಬರಿಗೂ ತೊಂಬತ್ತರಲ್ಲಿ ಜಗಳವಾದದ್ದು ನಿಮಗೆ ಗೊತ್ತು, ಯಾಕೆಂದು ಅವನು ಹೇಳಿರಲಾರ. ನಾವಿಬ್ಬರೂ ಸೇರಿ ಆ ಕಿಸೆ ಕಂಪ್ಯೂಟರಿಗೆ ಒಂದು ಆಟ ಬರೆದಿದ್ದೆವು. ಯೋಚನೆ ಯಾವಾಗಲೂ ಅವನದು, ತಪ್ಪು ಹುಡುಕಿ ಸರಿಮಾಡುವುದು ನನ್ನ ಕೆಲಸ. ನಾನು ಅದನ್ನು ಕಂಪ್ಯೂಟರ್ ಪತ್ರಿಕೆಗೆ ಕಳಿಸಿದೆ. ಅಚ್ಚಾದಾಗ ನನ್ನ ಹೆಸರೊಂದೇ ಇತ್ತು. ಅವರ ತಪ್ಪಲ್ಲ, ನಾನು ಹಾಗೆಯೇ ಬರೆದು ಕಳಿಸಿದ್ದೆ. ಅವನು ಪತ್ರಿಕೆ ಹಿಡಿದುಕೊಂಡು ಬಂದು ‘ನನ್ನ ಹೆಸರು ಬರೆಯೋಕೆ ನಿನ್ನ ಪೆನ್ನಲ್ಲಿ ಇಂಕು ಮುಗೀತೇನೋ?’ ಎಂದ. ನಾನು ನಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಲ್ಲಿಗೆ ಮಾತು ನಿಂತಿತು. ಮಾರನೇ ಬೇಸಿಗೆಯಲ್ಲಿ ಯುದ್ಧ ಶುರುವಾದಾಗ ನಮ್ಮಪ್ಪ ರಾತ್ರೋರಾತ್ರಿ ನಮ್ಮನ್ನೆಲ್ಲ ನಮ್ಮ ಜನರಿರುವ ಇಲ್ಲಿಗೆ, ದೊಡ್ಡಪ್ಪನ ಮನೆಗೆ ಕರೆತಂದರು. ಕ್ರೆಶೊನಿಗೆ ಹೇಳದೆ ಬಂದೆ.

ತೊಂಬತ್ತೊಂದರ ಸೆಪ್ಟೆಂಬರಿನಲ್ಲಿ, ಅಂಚೆ ನಿಂತು, ಫೋನ್ ನಿಂತು ಹೋಗಿದ್ದಾಗ, ಹಂಗೇರಿಯ ದಾರಿಯಾಗಿ ಓಡಾಡುತ್ತಿದ್ದ ಲಾರಿ ಚಾಲಕನೊಬ್ಬ ಈ ಚೀಲ ತಂದುಕೊಟ್ಟ. ಕಾಗದವಾದರೆ ದಾರಿಯಲ್ಲಿ ಓದುತ್ತಾರೆ, ಆಟದ ಕ್ಯಾಸೆಟ್ಟನ್ನು ಯಾರೂ ಪೂರ್ತಿ ಕೇಳುವುದಿಲ್ಲ ಎಂದು ಅವನ ಲೆಕ್ಕಾಚಾರ. ಅದರಲ್ಲಿ ಅವನು ಹೇಳಿದ್ದು ಇಷ್ಟು: ‘ನಾನೂ ಅಮ್ಮನೂ ನಿಮ್ಮಲ್ಲಿಗೆ ಬರ್ತೀವಿ. ಎರಡು ವಾರ ಸಾಕು, ಆಮೇಲೆ ಬೇರೆ ಕಡೆ ನೋಡ್ಕೋತೀವಿ. ಬನ್ನಿ ಅಂತ ಒಂದು ಮಾತು ಹೇಳು.’

ದೊಡ್ಡಪ್ಪನನ್ನು ಕೇಳಿದೆ. ಎರಡು ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು. ಅವರು ‘ಆ ಕಡೆಯೋರನ್ನ ಮನೆಗೆ ಸೇರಿಸಿದ್ರೆ ಬೀದಿಯೋರು ನಮ್ಮ ಕಿಟಕಿ ಒಡೀತಾರೆ. ನಿಂಗೆ ಬೇಕಾದ್ರೆ ನೀನೂ ಅವರ ಜೊತೆ ಹೋಗು’ ಎಂದರು. ಅದನ್ನೇ ನೆಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಒಳಗೆಲ್ಲೋ, ಈಗ ಬಂದೆಯಲ್ಲ ನನ್ನ ಹತ್ತಿರಕ್ಕೆ, ಎಂಬ ಸಣ್ಣ ಸಮಾಧಾನವೂ ಇತ್ತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಗುರುವಾರ ಆ ಚಾಲಕ ಹೊರಡುವ ಮುಂಚೆ ನಮ್ಮ ಗೇಟಿನ ಹತ್ತಿರ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ‘ಆ ಹುಡುಗನಿಗೆ ಏನಾದ್ರೂ ಕೊಡೋದಿದೆಯೇನಯ್ಯ?’ ಎಂದ.

ನಾನು ‘ಏನಿಲ್ಲ’ ಎಂದೆ.

‘ಬಾಯಲ್ಲಾದ್ರೂ?’

‘ಏನಿಲ್ಲ.’

ಆಮೇಲೆ ಹಳೆಯ ಯಂತ್ರಗಳನ್ನು ಸಂಗ್ರಹಿಸಲು ಶುರುಮಾಡಿದೆ. ಸಂತೆಗಳಲ್ಲಿ, ಸತ್ತವರ ಮನೆಗಳಲ್ಲಿ, ಕಸದ ಗುಡ್ಡೆಗಳಲ್ಲಿ. ಈಗ ಮುನ್ನೂರ ಹನ್ನೆರಡು ಇವೆ. ಜನ ಅದನ್ನು ಪ್ರೀತಿ ಎನ್ನುತ್ತಾರೆ.

ಕ್ಯಾಸೆಟ್ ಕೇಳಬೇಡಿ ಅತ್ತೆ. ಟೇಪು ಹಳೆಯದಾಗಿದೆ, ಹಾಕಿದರೆ ಹರಿಯಬಹುದು. ಅದರಲ್ಲಿ ನಿಮಗೆ ನೆಮ್ಮದಿ ಕೊಡುವಂಥದ್ದು ಏನೂ ಇಲ್ಲ.

ಒಬ್ರಾದ್


ಓಸಿಯೆಕ್,
8 ಜುಲೈ 2003

ಒಬ್ರಾದ್,

‘ಏನಿಲ್ಲ’ ಎಂದೆಯಂತೆ. ನಿನಗೆ ನನ್ನ ಮನೆಯಲ್ಲಿ ಎಷ್ಟು ವರ್ಷ ಅನ್ನ ಹಾಕಿದೆ? ನಿನಗೆ ಜ್ವರ ಬಂದಾಗ ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಳೆಂದು ನನ್ನ ಹಾಸಿಗೆಯಲ್ಲಿ ಮಲಗಿಸಿಕೊಂಡು ವಿನೆಗರ್ ಪಟ್ಟಿ ಹಾಕಿದ್ದೆ. ಆ ಹುಡುಗನ ಬಾಯಿಂದ ‘ಏನಿಲ್ಲ’!

ಅವನು ಕಾದಿದ್ದ. ಆ ಸೆಪ್ಟೆಂಬರಿನ ಕೊನೆಯ ವಾರವೆಲ್ಲ ಲಾರಿ ನಿಲ್ಲುವ ಜಾಗಕ್ಕೆ ಹೋಗಿ ಹೋಗಿ ಬರುತ್ತಿದ್ದ. ಎಲ್ಲಿಗೋ ಎಂದರೆ ‘ಸುಮ್ನೆ, ಗಾಳಿಗೆ’ ಎನ್ನುತ್ತಿದ್ದ. ಗಾಳಿಗೆ ಹೋಗುವ ಕಾಲವೇ ಅದು? ನನಗೆ ಈಗ ಅರ್ಥವಾಗುತ್ತಿದೆ.

ನಾನು ಅವನ ಕೈಕಾಲು ಹಿಡಿದು ಬೇಡಿಕೊಂಡೆ, ಎಲ್ಲಾದರೂ ಹೊರಟುಹೋಗೋಣ ಎಂದು. ಅವನೇ ಬೇಡ, ಬೇಡ ಎಂದು ದಿನ ತಳ್ಳಿದ. ನಿನ್ನ ಮಾತಿಗೆ ಕಾಯುತ್ತ ತಳ್ಳಿದ! ನವೆಂಬರ್ ಹದಿನೇಳಕ್ಕೆ ಹಳ್ಳಿಯಲ್ಲಿ ಒಬ್ಬಳೇ ಇದ್ದ ನನ್ನ ಅಕ್ಕನನ್ನು ಕರೆತರುತ್ತೇನೆಂದು ಹೊರಟ. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಬೂಟು ಕಟ್ಟಿದ. ಏನೋ ಹೇಳಿದ. ಆಗಲೇ ನನ್ನ ಬಲಗಿವಿ ಹೋಗಿತ್ತು, ಅವನು ಆ ಕಡೆ ನಿಂತಿದ್ದ. ನಾನು ಹೂಂ ಎಂದೆ. ಏನಕ್ಕೆ ಹೂಂ ಎಂದೆನೋ ಇವತ್ತಿಗೂ ಗೊತ್ತಿಲ್ಲ. ಅಕ್ಕ ಮಾರನೇ ದಿನ ಬೇರೆ ಯಾರದೋ ಟ್ರ್ಯಾಕ್ಟರಿನಲ್ಲಿ ಬಂದಳು. ಅವನು ಅವಳ ಮನೆಗೆ ತಲುಪಿಯೇ ಇರಲಿಲ್ಲ.

ನನಗೆ ನೆಮ್ಮದಿ ಬೇಕೆಂದು ಯಾರು ಹೇಳಿದರು? ದನಿ ಬೇಕು. ನನ್ನನ್ನು ಕರೆದುಕೊಂಡು ಹೋಗಲು ಅವನು ಬೇಡಿಕೊಂಡ ಮಾತೇ ಆಗಲಿ, ಅದೇ ಬೇಕು. ನಿನ್ನ ಮಾನ ಉಳಿಸಿಕೊಳ್ಳಲು ಅವನನ್ನು ಚೀಲದೊಳಗೆ ಕಟ್ಟಿಟ್ಟಿದ್ದೀಯ. ಬಿಡು ಅವನನ್ನು.

ಕಳಿಸದಿದ್ದರೆ ನಾನೇ ಬಸ್ಸು ಹತ್ತಿ ಬಂದು, ನೀನು ಹಲ್ಲಿನ ಡಾಕ್ಟರುಗಳನ್ನು ಅಳಿಸುವ ಆ ಗ್ರಂಥಾಲಯದ ನಡುವೆ ನಿಂತು ನಿನ್ನ ಕಥೆ ಹೇಳುತ್ತೇನೆ. ಕಿವುಡಿ, ದನಿ ಎಷ್ಟು ಏರುತ್ತದೆಂದು ನನಗೇ ತಿಳಿಯುವುದಿಲ್ಲ.

ತೆರೆಜಾ


ನೋವಿ ಸಾದ್,
1 ಸೆಪ್ಟೆಂಬರ್ 2003

ಅತ್ತೆ,

ಕ್ಯಾಸೆಟ್ ಈ ಪೊಟ್ಟಣದಲ್ಲಿದೆ. ಜೊತೆಗೆ ಒಂದು ಟೇಪ್ ರೆಕಾರ್ಡರ್, ಕಿವಿಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನ್, ಬ್ಯಾಟರಿಗಳು. ಹೆಡ್‌ಫೋನಿನ ಬಲಗಡೆಯ ತಂತಿ ಕತ್ತರಿಸಿ ಎರಡನ್ನೂ ಎಡಕ್ಕೆ ಜೋಡಿಸಿದ್ದೇನೆ. ಎತ್ತರದ ಸದ್ದು ಇಳಿಸಿ ತಗ್ಗಿನದನ್ನು ಏರಿಸಿದ್ದೇನೆ. ನಿಮಗೆ ಹಾಗೆ ಚೆನ್ನಾಗಿ ಕೇಳಿಸಬಹುದು ಎಂದು ಇಲ್ಲಿಯ ಡಾಕ್ಟರೊಬ್ಬರನ್ನು ಕೇಳಿ ಮಾಡಿದ್ದು.

ತಡವಾದದ್ದು ಇದಕ್ಕೇ. ಚೀಲ ಬಿಚ್ಚಿದಾಗ ಟೇಪನ್ನು ಒತ್ತಿ ಹಿಡಿಯುವ ಸ್ಪಂಜಿನ ಚೂರು ಉದುರಿ ಪುಡಿಯಾಗಿತ್ತು. ಸುರುಳಿಯ ಮೊದಲ ಮೊಳದಷ್ಟು ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸುವಾಗ ಹರಿಯಿತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಜೋಡಿಸಿ, ಬೇರೆ ಡಬ್ಬಿಗೆ ವರ್ಗಾಯಿಸಿದೆ. ಎರಡು ಸೆಕೆಂಡಿನಷ್ಟು ಹೋಗಿದೆ. ಮಾತಲ್ಲ, ಮಾತು ಶುರುವಾಗುವ ಮುಂಚಿನ ಉಸಿರು. ಅದನ್ನೂ ಕಳೆದವನು ನಾನೇ. ನಿಮ್ಮ ಅಪ್ಪಣೆ ಕೇಳದೆ ಒಂದು ನಕಲು ಇಟ್ಟುಕೊಂಡಿದ್ದೇನೆ.

ಒಂದೇ ಒಂದು ಬೇಡಿಕೆ. ಸುಮಾರು ಎರಡು ನಿಮಿಷಕ್ಕೆ ಅವನು ‘ಬನ್ನಿ ಅಂತ ಒಂದು ಮಾತು ಹೇಳು’ ಎನ್ನುತ್ತಾನೆ. ಅಲ್ಲಿ ನಿಲ್ಲಿಸಿಬಿಡಿ. ಮುಂದೆ ಬರೀ ಯಂತ್ರದ ಕಿರುಚಾಟ, ನಿಮ್ಮ ಕಿವಿಗೆ ಒಳ್ಳೆಯದಲ್ಲ. ಗುಂಡಿಯ ಮೇಲೆ ಕೆಂಪು ಬಣ್ಣ ಬಳಿದಿದ್ದೇನೆ.

ದಯವಿಟ್ಟು ಅಲ್ಲಿ ನಿಲ್ಲಿಸಿ.

ಒಬ್ರಾದ್


ಓಸಿಯೆಕ್,
4 ಅಕ್ಟೋಬರ್ 2003

ಒಬ್ರಾದ್,

ಪೊಟ್ಟಣ ಬಂದು ಮೂರು ವಾರವಾಯಿತು. ಒಂದು ವಾರ ಬಿಚ್ಚಲಿಲ್ಲ. ಬೇಕು ಬೇಕು ಎಂದು ಅರಚಿದವಳು, ಬಂದಮೇಲೆ ಅದನ್ನು ಹಿಟ್ಟಿನ ಡಬ್ಬದ ಪಕ್ಕ ಇಟ್ಟುಕೊಂಡು ದಿನವಿಡೀ ಅದರ ಸುತ್ತ ಓಡಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತೆ. ‘ಗಮನಿಸಿ, ಗಮನಿಸಿ! ಸದ್ದು ಆರಕ್ಕೆ ಇಡಿ. ಯಾರೂ ಕೆಮ್ಮಬೇಡಿ.’ ಅದೇ ಮೂಗಿನ ದನಿ. ನಾನು ಅವನ ದನಿ ದಪ್ಪ ಎಂದು ಅಂದುಕೊಂಡಿದ್ದೆ ಕಣೋ. ಅದು ತೆಳು. ಅವನಪ್ಪನ ಹಾಗಲ್ಲ, ನನ್ನ ಅಣ್ಣನ ಹಾಗೆ. ಇಷ್ಟು ವರ್ಷ ಬೇರೆ ಯಾರದೋ ದನಿಯನ್ನು ತಲೆಯಲ್ಲಿ ಹುಡುಕುತ್ತಿದ್ದೆ, ಇನ್ನು ಸಿಗುವುದು ಹೇಗೆ?

ನಿನ್ನ ಕೆಂಪು ಗುಂಡಿಯನ್ನು ನಾನು ಒತ್ತಲಿಲ್ಲ. ಯಾವ ತಾಯಿ ಒತ್ತುತ್ತಾಳೆ?

ಮುಂದೆ ಏನಿದೆ ಎಂದು ನಿನಗೆ ಗೊತ್ತು. ಬಾಗಿಲು ತೆರೆದ ಸದ್ದು. ಆಮೇಲೆ ಒಬ್ಬಳು ಹೆಂಗಸು. ಮೊದಲು ಯಾರೆಂದು ತಿಳಿಯಲಿಲ್ಲ. ಎಂಥ ಕರ್ಕಶ ದನಿ, ಎಂದುಕೊಂಡೆ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಏಳು ಸಲ ಕೇಳಿ ಬರೆದುಕೊಂಡಿದ್ದೇನೆ.

‘ಯಾರ ಹತ್ರ ಮಾತಾಡ್ತಿದ್ದೀಯೋ ಅದರಲ್ಲಿ? ಆ ಒಬ್ರಾದನ ಹತ್ರಾನಾ? ಹೇಳದೆ ಕೇಳದೆ ಓಡಿಹೋದೋರ ಬಾಗಿಲಿಗೆ ನಾನು ತಿರುಪೆಗೆ ಹೋಗಬೇಕಾ? ನಾನು ಈ ಮನೆ ಬಿಟ್ಟು ಕದಲಲ್ಲ. ನಿನಗೆ ಹೋಗಬೇಕಂತಿದ್ರೆ ನನ್ನ ಹೆಣ ದಾಟ್ಕೊಂಡು ಹೋಗು.’

ಆಮೇಲೆ ಅವನು ನಗುತ್ತಾನೆ. ನಕ್ಕು ಹೇಳುತ್ತಾನೆ: ‘ಕೇಳಿಸ್ತಲ್ಲ? ಮಹಾರಾಣಿ ಬರಲ್ವಂತೆ. ಆ ಚಿಂತೆ ನಿನಗೆ ಬೇಡ, ನಾನು ಒಪ್ಪಿಸ್ತೀನಿ. ಬನ್ನಿ ಅಂತ ನೀನೇ ಅಂದ್ರೆ ಅವಳು ಬರ್ತಾಳೆ. ನಿನ್ನ ಮೇಲೆ ಅವಳಿಗೆ ಪ್ರಾಣ.’

ನಾನು ಕೈಕಾಲು ಹಿಡಿದು ಬೇಡಿಕೊಂಡೆ ಎಂದು ನಿನಗೆ ಬರೆದಿದ್ದೆನಲ್ಲ, ಸುಳ್ಳೆಂದು ಗೊತ್ತಿದ್ದು ಬರೆದದ್ದಲ್ಲ. ನನಗೆ ಹಾಗೇ ನೆನಪಿತ್ತು. ಅಕ್ಕನಿಗೂ ಪಾದ್ರಿಗೂ ಹಾಗೇ ಹೇಳಿದ್ದೇನೆ, ಪ್ರತಿ ರಾತ್ರಿ ದೇವರಿಗೂ ಹಾಗೇ ಹೇಳಿದ್ದೇನೆ. ನೆನಪಿನಲ್ಲಿ ಹೊಲಿಗೆ ಹಾಕಿ ಹಾಕಿ ಬೇರೆ ಬಟ್ಟೆಯನ್ನೇ ಮಾಡಿಕೊಂಡಿದ್ದೆ.

ನೀನು ನಿನ್ನ ತಪ್ಪನ್ನೆಲ್ಲ ಬರೆದೆ, ನನ್ನ ಈ ಮಾತನ್ನು ಬರೆಯಲಿಲ್ಲ. ‘ನೀನೇ ಕೊಂದೆ’ ಎಂಬಂತೆ ನಾನು ಬರೆದಾಗಲೂ ತಿರುಗಿ ಹೇಳಲಿಲ್ಲ. ಅದಕ್ಕೆ ನಿನ್ನನ್ನು ಕ್ಷಮಿಸಬೇಕೋ, ಇನ್ನೂ ಹೆಚ್ಚು ಬೈಯಬೇಕೋ ಗೊತ್ತಾಗುತ್ತಿಲ್ಲ. ನೀನು ಒಂದು ಮಾತು ಹೇಳಬಹುದಿತ್ತು, ನಾನು ಒಂದು ಮಾತು ಹೇಳದಿರಬಹುದಿತ್ತು. ನಡುವೆ ನಿಂತವನು ನಗುತ್ತಿದ್ದ.

ಆಂಕಿತ್ಸಾ ಸೂಪು ತಂದಿಟ್ಟು ಹೋಗುತ್ತಾಳೆ. ಕುಡಿಯಲಾಗುತ್ತಿಲ್ಲ.

ಆಮೇಲೆ ಬರುವ ಆ ಕಿರುಚಾಟ ನನಗೆ ಕೇಳಿಸುವುದಿಲ್ಲ. ಟೇಪು ತಿರುಗುವುದು ಕಾಣುತ್ತದೆ ಅಷ್ಟೆ. ನಾಲ್ಕು ನಿಮಿಷ ತಿರುಗುತ್ತದೆ. ಅದೂ ಅವನದೇ ತಾನೇ? ಅದರಲ್ಲೇನಿದೆ ಹೇಳು.

ರೇಜಾ


ನೋವಿ ಸಾದ್,
19 ಅಕ್ಟೋಬರ್ 2003

ರೇಜಾ ಅತ್ತೆ,

ಆ ಕಿರುಚಾಟವನ್ನು ನಾನು ಇಷ್ಟು ವರ್ಷ ಯಂತ್ರಕ್ಕೆ ಓದಿಸಿರಲೇ ಇಲ್ಲ. ಮಾತು ಮುಗಿದ ಕೂಡಲೇ ಟೇಪು ನಿಲ್ಲಿಸಿ ಚೀಲಕ್ಕೆ ಹಾಕಿದ್ದೆ. ನಿಮ್ಮ ಕಾಗದ ಬಂದಮೇಲೆ ಕಪಾಟಿನಿಂದ ಅದೇ ಜಾತಿಯ ಕಿಸೆ ಕಂಪ್ಯೂಟರ್ ತೆಗೆದು, ನಕಲಿನಿಂದ ಓದಿಸಿದೆ. ಹನ್ನೊಂದು ಸಲ ಆಗಲಿಲ್ಲ. ಯಂತ್ರ ಪ್ರತಿಸಲವೂ ನಡುವೆ ನಿಂತು ‘ತಪ್ಪು’ ಎಂದಿತು. ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸುತ್ತ ಹೋದೆ. ಹನ್ನೆರಡನೆಯ ಸಲ ಪೂರ್ತಿ ಬಂತು.

ಅದೊಂದು ಸಣ್ಣ ಆಟ. ಪರದೆಯ ಎಡದಂಚಿನಲ್ಲಿ ಒಂದು ಚುಕ್ಕೆ. ಬಲಕ್ಕೆ ಹೋಗಬೇಕು. ನಡುವೆ ಅಕ್ಷರಗಳು ಅಡ್ಡ ಬರುತ್ತವೆ, ತಪ್ಪಿಸಿಕೊಳ್ಳಬೇಕು. ಹದಿನಾಲ್ಕನೆಯ ಹೆಜ್ಜೆಗೆ ಕೆಟ್ಟು ನಿಲ್ಲುತ್ತದೆ. ಯಾಕೆಂದು ಒಳಗೆ ನೋಡಿದೆ. ಒಂದು ಕಡೆ ಕೂಡಿಸಬೇಕಾದಲ್ಲಿ ಕಳೆದಿದ್ದಾನೆ. ಶಾಲೆಯ ಕಾಲದಿಂದಲೂ ಅವನು ಮಾಡುತ್ತಿದ್ದ ತಪ್ಪೇ ಅದು.

ಪ್ರೋಗ್ರಾಮಿನಲ್ಲಿ ಕೆಲವು ಸಾಲುಗಳನ್ನು ಯಂತ್ರ ಓದದೆ ದಾಟಿಕೊಂಡು ಹೋಗುತ್ತದೆ. ಅವು ಮನುಷ್ಯರಿಗಾಗಿ ಬರೆಯುವ ಸಾಲುಗಳು. ಮೊದಲನೆಯದೇ ಅಂಥ ಸಾಲು. ಅದರಲ್ಲಿ ಹೀಗಿದೆ: ‘ಇದನ್ನು ನೀನು ಸರಿಮಾಡು. ಇಬ್ಬರ ಹೆಸರೂ ಹಾಕು. ಕೋಪ ಇಲ್ಲ.’

ಇಪ್ಪತ್ತನಾಲ್ಕು ಅಕ್ಷರದ ಪರದೆ, ಪೂರ್ತಿ ಕಾಣಲು ಬಲಕ್ಕೆ ಸರಿಸುತ್ತ ಹೋಗಬೇಕು. ‘ಕೋಪ ಇಲ್ಲ’ ಎಂಬುದು ಕೊನೆಗೆ ಬಂತು.

ನಾನು ಆ ಗುರುವಾರಕ್ಕೆ ಮುಂಚೆ ಇದನ್ನು ಓದಿಸಿದ್ದರೆ ಚಾಲಕನಿಗೆ ಬೇರೆ ಮಾತು ಹೇಳುತ್ತಿದ್ದೆನೋ? ಹೇಳುತ್ತಿದ್ದೆ ಎಂದು ನಿಮಗೆ ಬರೆಯಲು ಧೈರ್ಯವಿಲ್ಲ. ಹೇಳುತ್ತಿರಲಿಲ್ಲ ಎಂದು ಒಪ್ಪಿಕೊಂಡು ಬದುಕಲಾರೆ. ಒಂದು ವಾರದಿಂದ ನನ್ನ ರಿಪೇರಿ ಅಂಗಡಿಗೆ ಹೋಗಿಲ್ಲ. ಹೆಂಡತಿ ‘ಏನಾಗಿದೆ ನಿಮಗೆ?’ ಎಂದಳು. ಮೊದಲ ಸಲ ಎಲ್ಲ ಹೇಳಿದೆ. ಅವಳು ಎದ್ದುಹೋಗಿ ತವರಿಗೆ ಫೋನ್ ಮಾಡಿದಳು. ಮಕ್ಕಳನ್ನು ಕರೆದುಕೊಂಡು ಕೆಲವು ದಿನ ಅಲ್ಲಿರುತ್ತಾಳಂತೆ.

ಗ್ರಂಥಾಲಯದವರು ಮತ್ತೊಂದು ಪ್ರದರ್ಶನ ಕೇಳಿದರು. ಬೇಡವೆಂದೆ.

ತಪ್ಪನ್ನು ಇನ್ನೂ ಸರಿಮಾಡಿಲ್ಲ. ಒಂದೇ ಗುಂಡಿಯ ಕೆಲಸ. ಬೆರಳು ಹೋಗುತ್ತಿಲ್ಲ.

ಒಬ್ರಾದ್


ಓಸಿಯೆಕ್,
12 ನವೆಂಬರ್ 2003

ಒಬ್ರಾದ್,

ಈಗ ಎಡಗಿವಿಯೂ ಮುಚ್ಚಿದೆ. ಹೋದ ಭಾನುವಾರ ಕ್ಯಾಸೆಟ್ ಹಾಕಿಕೊಂಡು ಕೂತಿದ್ದೆ, ನಡುವೆ ಬ್ಯಾಟರಿ ಮುಗಿಯಿತು ಎಂದುಕೊಂಡೆ. ಹೊಸದು ಹಾಕಿದೆ. ಬ್ಯಾಟರಿಯದಲ್ಲ ತಪ್ಪು. ಪರವಾಗಿಲ್ಲ. ಎಷ್ಟು ಸಲ ಕೇಳಿದ್ದೇನೆಂದರೆ ಅವನು ಎಲ್ಲಿ ಉಸಿರು ಎಳೆಯುತ್ತಾನೆಂದೂ ಗೊತ್ತು. ನನ್ನದನ್ನೂ ಕೇಳಿದೆ, ಬಿಡದೆ, ಪ್ರತಿ ಸಲ.

ಆಟವನ್ನು ಸರಿಮಾಡು. ಇಬ್ಬರ ಹೆಸರೂ ಹಾಕು. ಅವನು ಹೇಳಿದ್ದಾನಲ್ಲ, ಇನ್ನು ನಿನ್ನ ಬೆರಳಿನ ಮಾತು ಯಾಕೆ? ಹೆಂಡತಿಯ ತವರಿಗೆ ಹೋಗು. ಒಳಗೆ ಬಿಡದಿದ್ದರೆ ಹೊರಗೆ ನಿಲ್ಲು.

ನಾನು ಒಂದು ಕೆಲಸ ಮಾಡಿದ್ದೇನೆ. ಕಾಣೆಯಾದವರ ಕಚೇರಿಯಿಂದ ಆರು ವರ್ಷಗಳಿಂದ ಕರೆ ಬರುತ್ತಿತ್ತು. ಮಣ್ಣಿನಲ್ಲಿ ಸಿಕ್ಕಿದ ಮೂಳೆಗಳ ಜೊತೆ ತಾಳೆ ನೋಡಲು ತಾಯಂದಿರ ರಕ್ತ ಬೇಕಂತೆ. ಎಲ್ಲರೂ ಕೊಟ್ಟು ಬಂದರು, ನಾನು ಹೋಗಿರಲಿಲ್ಲ. ರಕ್ತ ಕೊಟ್ಟರೆ ಅವನು ಸತ್ತ ಎಂದು ನಾನೇ ಸಹಿ ಹಾಕಿದ ಹಾಗೆ ಎಂದುಕೊಂಡಿದ್ದೆ. ಸೋಮವಾರ ಹೋದೆ. ಆಂಕಿತ್ಸಾ ಜೊತೆಗೆ ಬಂದಳು. ಸಣ್ಣ ವಯಸ್ಸಿನ ನರ್ಸು, ಬೆರಳಿಗೆ ಚುಚ್ಚಿದಳು, ಕಾಗದದ ಮೇಲೆ ನಾಲ್ಕು ಹನಿ. ಅಷ್ಟೇ. ಇಷ್ಟಕ್ಕೆ ಆರು ವರ್ಷ ಹೆದರಿದ್ದೆ.

ಆಮೇಲೆ ಅವಳು ಚೀಟಿಯ ಮೇಲೆ ಬರೆದು ತೋರಿಸಿದಳು: ‘ವಿಷಯ ತಿಳಿದರೆ ಯಾರಿಗೆ ಫೋನ್ ಮಾಡಬೇಕು?’ ನನಗೆ ಫೋನ್ ಇನ್ನು ಕೇಳಿಸುವುದಿಲ್ಲ. ಅಕ್ಕ ಹೋಗಿ ಎರಡು ವರ್ಷವಾಯಿತು. ಆಂಕಿತ್ಸಾ ‘ನನ್ನದು ಕೊಡಿ’ ಎಂದು ಸನ್ನೆ ಮಾಡಿದಳು. ಬೇಡವೆಂದೆ. ನಿನ್ನ ನಂಬರು ಬರೆದುಕೊಟ್ಟೆ. ‘ಇವರು ನಿಮಗೆ ಏನಾಗಬೇಕು?’ ಎಂದು ಅದರ ಕೆಳಗೆ ಒಂದು ಖಾನೆ ಇತ್ತು. ಬಹಳ ಹೊತ್ತು ಯೋಚಿಸಿದೆ. ಆ ಖಾನೆ ಖಾಲಿ ಬಿಟ್ಟಿದ್ದೇನೆ.

ನಾಳೆಯೇ ಬರಬಹುದು, ಹತ್ತು ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು. ಆ ಫೋನ್ ಬಂದರೆ ನೀನು ಎತ್ತಿಕೊಳ್ಳಬೇಕು. ಎತ್ತಿಕೊಂಡು, ಕೊನೆವರೆಗೂ ಕೇಳಿಸಿಕೊಳ್ಳಬೇಕು. ನನಗೆ ಕಾಗದ ಬರೆಯಬೇಡ. ಬಸ್ಸು ಹತ್ತಿ ಬಾ. ಬಾಗಿಲು ತಟ್ಟಿದರೆ ನನಗೆ ಗೊತ್ತಾಗುವುದಿಲ್ಲ, ಹಗಲಿನಲ್ಲಿ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ, ತಳ್ಳಿಕೊಂಡು ಒಳಗೆ ಬಾ. ನನ್ನ ಎದುರಿಗೆ, ಬೆಳಕಿರುವ ಕಡೆ ಕೂತುಕೋ. ನಿಧಾನವಾಗಿ ಹೇಳು. ತುಟಿ ಓದುವುದನ್ನು ಕಲಿಯುತ್ತಿದ್ದೇನೆ.

ರೇಜಾ ಅತ್ತೆ